ಒಗರು ಉಳಿಸಿಕೊಂಡ ಹಂಗಾಮು

ಈಗ ಕೊಳ್ಳೇಗಾಲದ ಯಾವ ಅಂಗಡಿಗೆ ಹೋದರೂ ಒಂದಲ್ಲ ಒಂದು ಬಾಟಲಿಯ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಸಿರು ಚಹಾದ ಮೇಲೆ, ದಾಳಿಂಬೆ ರಸದ ಮೇಲೆ, ಕೊನೆಗೆ ಬಿಸ್ಕತ್ತಿನ ಮೇಲೂ. ಬೇರೆಯವರಿಗೆ ಅದು ಆರೋಗ್ಯದ ಮಾತು. ನನಗೆ ಮಾತ್ರ ಆ ಪದ ಕಣ್ಣಿಗೆ ಬಿದ್ದಾಗಲೆಲ್ಲ ಅಂಗೈಯಗಲದ ಒಂದು ಕಬ್ಬಿಣದ ತುಂಡು ನೆನಪಾಗುತ್ತದೆ. ಅದರ ಹಿಂದೆಯೇ ಲೊಕ್ಕನಹಳ್ಳಿಯ ಒಂದು ಶೆಡ್ಡು, ಬೇಯುವ ನೆಲ್ಲಿಕಾಯಿಯ ಹುಳಿ ವಾಸನೆ, ದೊಡ್ಡವ್ವನ ಎಲೆಯಡಿಕೆ ಬಾಯಿ ಎಲ್ಲ ಸಾಲಾಗಿ ಬರುತ್ತವೆ. ಬಂದರೆ ನಿಂತಲ್ಲೇ ನಕ್ಕುಬಿಡುತ್ತೇನೆ. ಅಂಗಡಿಯವರು ಏನಂದುಕೊಳ್ಳುತ್ತಾರೋ ಗೊತ್ತಿಲ್ಲ.

ಬೆಟ್ಟದ ಪೋಡುಗಳ, ಅಂದರೆ ಕಾಡಿನ ಹಾಡಿಗಳ, ಹೆಂಗಸರು ಕಾಡಿನ ನೆಲ್ಲಿಕಾಯಿ ಕೊಯ್ದು ತಂದು, ಲಾರಿಯವನು ಹೇಳಿದ ಬೆಲೆಗೆ ಮೂಟೆಗಟ್ಟಲೆ ಸುರಿದು ಬರುವುದು ಮೊದಲಿನಿಂದ ನಡೆದುಕೊಂಡು ಬಂದಿತ್ತು. ಆ ವರ್ಷ ಅವರ ಸಂಘ ಬೇರೆ ಯೋಚನೆ ಮಾಡಿತು. ಕಾಯಿಯನ್ನು ಹಾಗೇ ಮಾರುವುದು ಬೇಡ, ನಾವೇ ಪಾನಕದ ಸಾರ ತೆಗೆದು ಬಾಟಲಿ ತುಂಬೋಣ ಎಂದಿತು. ಪಂಚಾಯಿತಿಯವರು ಲೊಕ್ಕನಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ಚಾಕಿ ಮನೆಯ ಕೀ ಕೊಟ್ಟರು. ಒಂದು ಕಾಲಕ್ಕೆ ರೇಷ್ಮೆಹುಳುವಿನ ಮರಿ ಸಾಕುತ್ತಿದ್ದ ಶೆಡ್ಡು ಅದು. ಕೀ ಕೊಡುವಾಗಲೇ ಒಂದು ಕರಾರು ಹಾಕಿದ್ದರು: ಮಾಡಿದ ಮಾಲು ಯುಗಾದಿಯೊಳಗೆ ಶೆಡ್ಡಿನಿಂದ ಹೊರಗೆ ಹೋಗಿರಬೇಕು, ಇಲ್ಲವಾದರೆ ಕೀ ವಾಪಸು.

ಆಹಾರ ಸಂಸ್ಕರಣೆಯ ಕೋರ್ಸು ಮುಗಿಸಿದ್ದ ನನ್ನನ್ನು ಸಂಘದವರು ಮೇಲ್ವಿಚಾರಕಿಯಾಗಿ ತೆಗೆದುಕೊಂಡರು. ನಮ್ಮದು ಕೊಳ್ಳೇಗಾಲದಲ್ಲಿ ಮಗ್ಗದ ಮನೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಕೋರ್ಸಿನಲ್ಲಿ ಕಲಿತದ್ದನ್ನೆಲ್ಲ ಒಂದೇ ಹಂಗಾಮಿನಲ್ಲಿ ಮಾಡಿ ತೋರಿಸಿಬಿಡುವ ಹುಮ್ಮಸ್ಸು ಆಗ.

ಮೊದಲ ದಿನವೇ ಪಾಠ ಶುರುಮಾಡಿದೆ. ನೆಲ್ಲಿಯಲ್ಲಿ ಆಂಟಿಆಕ್ಸಿಡೆಂಟ್ ಇದೆ ಎಂದೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಉಸಿರಾಡುವ ಗಾಳಿಯೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದಲ್ಲ, ಹಾಗೆ ಮೈಯೊಳಗೂ ಒಂದು ಬಗೆಯ ಸವೆತ ನಡೆಯುತ್ತಿರುತ್ತದೆ, ಹೊಗೆ, ಕರಿದ ತಿಂಡಿ, ಬೀಡಿ ಎಲ್ಲ ಅದನ್ನು ಹೆಚ್ಚಿಸುತ್ತವೆ, ನೆಲ್ಲಿ, ನೇರಳೆ, ರಾಗಿ, ಹುರುಳಿ, ಸೊಪ್ಪು ಇವುಗಳಲ್ಲಿರುವ ಒಗರು ಹುಳಿಯ ಅಂಶಗಳು ಆ ತುಕ್ಕನ್ನು ತಡೆಯಲು ಸಹಾಯ ಮಾಡುತ್ತವೆ ಎಂದು ಬಿಡಿಸಿ ಹೇಳಿದೆ. ಆಮೇಲೆ ಸುಲಭವಾಗಲೆಂದು ಒಂದೇ ಮಾತಿನಲ್ಲಿ ಮುಗಿಸಿದೆ. ನೆಲ್ಲಿ ತುಕ್ಕು ತಿನ್ನುತ್ತದೆ ಎಂದೆ. ಎಲ್ಲರೂ ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವಳು ದೊಡ್ಡವ್ವ.

ದೊಡ್ಡವ್ವ ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಒಲೆ ಅವಳದು. ದೊಡ್ಡ ಕೊಳದಪ್ಪಲೆಯ ಕೆಳಗೆ ಎಷ್ಟು ಸೌದೆ ತಳ್ಳಬೇಕು, ಯಾವಾಗ ಎಳೆಯಬೇಕು ಎನ್ನುವುದನ್ನು ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಎಲ್ಲರೂ ತಲೆಗೆ ಹಾಕಬೇಕೆಂದು ನಾನು ತಂದಿದ್ದ ಬಿಳಿ ಟೋಪಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಸೆರಗಿನ ಮೇಲೇ ಹಾಕಿಕೊಂಡು ಕೂರುತ್ತಿದ್ದಳು.

ಕೆಲಸದ ಕ್ರಮ ಹೀಗಿತ್ತು. ಕಾಯಿ ಬಂದ ಕೂಡಲೇ ಗಾಯವಾದದ್ದು, ಕಲೆಯಾದದ್ದು ಬೇರೆ. ಉಳಿದದ್ದನ್ನು ಎರಡು ನೀರಲ್ಲಿ ತೊಳೆದು, ಕುದಿಯುವ ನೀರಿಗೆ ಬಿಟ್ಟು, ಎಸಳು ಬಿಡುವ ಹೊತ್ತಿಗೆ ತೆಗೆಯುವುದು. ಬಿಸಿ ಆರುವ ಮೊದಲೇ ಕೈಯಿಂದ ಒತ್ತಿದರೆ ಬೀಜ ಸಲೀಸಾಗಿ ಬರುತ್ತದೆ. ಆರಿದರೆ ಕೈಗೆ ಅಂಟಿಕೊಂಡು ಸತಾಯಿಸುತ್ತದೆ. ತಿರುಳನ್ನು ಯಂತ್ರಕ್ಕೆ ಹಾಕಿ ಅರೆದು, ಸ್ಟೀಲಿನ ಡ್ರಮ್ಮುಗಳಿಗೆ ತುಂಬಿ ಮುಚ್ಚಿಟ್ಟು, ಮಾರನೆಯ ದಿನ ಸಕ್ಕರೆ ಪಾಕ ಕೂಡಿಸಿ ಕಾಯಿಸಿ ಬಾಟಲಿಗೆ. ಚಾಕು, ಸೌಟು, ಜರಡಿ ಎಲ್ಲವೂ ಸ್ಟೀಲಿನವೇ. ನೆಲ್ಲಿಗೂ ಕಬ್ಬಿಣಕ್ಕೂ ಆಗದು ಎಂದು ಕೋರ್ಸಿನಲ್ಲಿ ಕಲಿತಿದ್ದೆ. ಹಾಗಾಗಿ ಈಳಿಗೆಮಣೆಯನ್ನು ಶೆಡ್ಡಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಮೈಸೂರಿನ ಒಬ್ಬ ವ್ಯಾಪಾರಿ ಹಂಗಾಮಿನ ಮಾಲನ್ನೆಲ್ಲ ಕೊಳ್ಳುವುದಾಗಿ ಮಾತು ಕೊಟ್ಟಿದ್ದ. ಎಳೆ ಹಳದಿ ಬಣ್ಣ ಬರಬೇಕು, ಅದೊಂದೇ ಅವನ ಷರತ್ತು. ಮೊದಲು ಸ್ವಲ್ಪ ಕಾಯಿಯಲ್ಲಿ ಕೈ ಪಳಗಿಸಿಕೊಂಡು, ಬೆಟ್ಟದ ಕಾಯಿ ಮುಗಿಯುತ್ತ ಬಂದಾಗ ಹಂಗಾಮಿನ ಕೊಯ್ಲನ್ನೆಲ್ಲ ಎಲ್ಲರೂ ಸೇರಿ ಅರೆದು ಡ್ರಮ್ಮುಗಳನ್ನು ತುಂಬಿಸಿದೆವು. ಶೆಡ್ಡಿನ ಗೋಡೆಯುದ್ದಕ್ಕೂ ಸಾಲಾಗಿ ನಿಂತ ಡ್ರಮ್ಮುಗಳನ್ನು ಕಂಡು ಸಂಘದ ಅಧ್ಯಕ್ಷೆ ಕಣ್ಣು ತುಂಬಿಕೊಂಡಳು. ದೃಷ್ಟಿಯಾಗುತ್ತೆ, ಹಾಗೆ ನೋಡಬೇಡಿ ಎಂದು ಯಾರೋ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ದೊಡ್ಡವ್ವ ನಗಲಿಲ್ಲ.

ಮಾರನೆಯ ಬೆಳಿಗ್ಗೆ ಬಸ್ಸಿಳಿದು ಬಂದು ಮೊದಲ ಡ್ರಮ್ಮಿನ ಮುಚ್ಚಳ ತೆಗೆದೆ. ಒಳಗೆ ಮಸಿಯಂಥ ಕಪ್ಪು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಸೌಟು ಹಾಕಿ ಕಲಕಿದಾಗ ತಳದಲ್ಲಿ ಠಣ್ಣೆಂದಿತು. ಕೈ ಹಾಕಿ ತೆಗೆದರೆ ಮುರಿದ ನೇಗಿಲ ಕುಳದ ಒಂದು ತುಂಡು. ಹುಡುಕಿದಂತೆಲ್ಲ ಒಂದೊಂದು ಡ್ರಮ್ಮಿನಿಂದ ಒಂದೊಂದು ಬಂತು: ಎತ್ತಿನ ಲಾಳ, ತುದಿ ಮುರಿದ ಕುಡುಗೋಲು, ಮೊಳೆ, ಬಾಗಿಲ ಕೊಂಡಿ. ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಕೋಪವೂ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ಈಗ ನೆನಪಿಲ್ಲ.

ಯಾರ ಕೆಲಸ ಎಂದು ಕೇಳುವ ಮೊದಲೇ ದೊಡ್ಡವ್ವ ಮುಂದೆ ಬಂದಳು. ಕಾಡಿನ ದಾರಿಯಲ್ಲಿ ಊಟ ಹೊತ್ತು ಹೋಗುವಾಗ, ಬಾಣಂತಿಯ ಮಗ್ಗುಲಲ್ಲಿ, ತುಂಬಿದ ಕಣಜದಲ್ಲಿ ಒಂದು ಚೂರು ಕಬ್ಬಿಣ ಇಟ್ಟರೆ ಗಾಳಿ, ದೃಷ್ಟಿ ಮುಟ್ಟುವುದಿಲ್ಲ ಎನ್ನುವುದು ಅವರ ನಂಬಿಕೆ. ಅಷ್ಟು ಡ್ರಮ್ಮು ತುಂಬಿದ್ದನ್ನು ಊರೆಲ್ಲ ಬಂದು ನೋಡಿಹೋಗಿತ್ತಲ್ಲ. ಎಲ್ಲರೂ ಹೊರಟ ಮೇಲೆ, ಒಲೆ ಆರಿಸುವ ನೆಪದಲ್ಲಿ ಉಳಿದುಕೊಂಡು ಒಂದೊಂದಕ್ಕೂ ಒಂದೊಂದು ಹಾಕಿದ್ದಳು.

ತುಕ್ಕು ಹಿಡಿದ ಕಬ್ಬಿಣವನ್ನು ತಿನ್ನುವ ಪದಾರ್ಥಕ್ಕೆ ಹಾಕುತ್ತಾರಾ ದೊಡ್ಡವ್ವ ಎಂದೆ. ಅವಳು ನನ್ನನ್ನೇ ನೋಡಿದಳು.

“ನೆಲ್ಲಿ ತುಕ್ಕ ತಿಂತದೆ ಅಂತ ನೀನೇ ಯೋಳ್ದಲ್ಲವ್ವ.”

ಇವತ್ತು ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಯಾರಿಗೂ ಬರಲಿಲ್ಲ. ಒಬ್ಬಳು, ಈ ಮುದುಕಿಯ ಕೈಗುಣವೇ ಸರಿಯಿಲ್ಲ ಎಂದಳು, ಇನ್ನೊಬ್ಬಳು ಅದಕ್ಕೆ ಉಪ್ಪು ಖಾರ ಸೇರಿಸಿದಳು. ದೊಡ್ಡವ್ವ ಟೋಪಿ ತೆಗೆದು ಮಡಿಸಿ ಕಿಟಕಿಯಲ್ಲಿಟ್ಟು ಪೋಡಿನ ದಾರಿ ಹಿಡಿದಳು. ತಡೆಯುವಷ್ಟು ದೊಡ್ಡ ಮನಸ್ಸು ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮತ್ತೆ ಕಾಯಿ ಕೊಯ್ಯೋಣವೇ ಎಂದರೆ ಅದೂ ಸಾಧ್ಯವಿರಲಿಲ್ಲ. ಮರದಲ್ಲಿ ಉಳಿದಿದ್ದು ಮೇಲಿನ ಕೊಂಬೆಯ ಕಾಯಿ ಮಾತ್ರ. ಅದು ಹಕ್ಕಿಗೆ, ಕೆಳಗೆ ಉದುರಿದ್ದು ಜಿಂಕೆಗೆ. ಅದಕ್ಕೆ ಅವರು ಕೈ ಹಾಕುವವರಲ್ಲ, ನಾನು ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಅಂದರೆ ಇದ್ದದ್ದು ಈ ಕಪ್ಪು ತಿರುಳೊಂದೇ. ಅದು ಹೊರಗೆ ಹೋದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಮುಂದಿನ ವರ್ಷ ಮತ್ತೆ ಅದೇ ಲಾರಿ.

ಕೆಡದಂತೆ ಮೊದಲು ಉಪ್ಪು ಬೆರೆಸಿಟ್ಟೆವು. ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ಉತ್ತರ ಬರುವವರೆಗೆ ಯಾರೂ ನಾಲಿಗೆಗೆ ಸೋಕಿಸಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಆಮೇಲೆ ವ್ಯಾಪಾರಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ಗಾಬರಿಯಾಗಲಿಲ್ಲ. ಅದಕ್ಕೆಲ್ಲ ಪುಡಿ ಬರುತ್ತದೆ ಮೇಡಂ, ಕಳಿಸಿಕೊಡುತ್ತೇನೆ ಎಂದ. ಒಗರನ್ನೂ ಕಪ್ಪನ್ನೂ ಹಿಡಿದು ತಳಕ್ಕೆ ಇಳಿಸುವ ಪುಡಿ. ಮೇಲಿನ ತಿಳಿಯನ್ನು ಸೋಸಿ, ಸಕ್ಕರೆಯನ್ನೂ ಬಣ್ಣವನ್ನೂ ಹಾಕಿಕೊಟ್ಟರೆ ಸಾಕು. ಬಾಟಲಿಯ ಮೇಲಿನ ಚೀಟಿ ತನ್ನದೇ, ಅದರಲ್ಲಿ ಆಂಟಿಆಕ್ಸಿಡೆಂಟ್ ಎಂದೂ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದೂ ಅಚ್ಚು ಮಾಡಿಸಿ ಆಗಿದೆ ಎಂದ.

ಆ ಸಂಜೆ ಒಂದು ಸಣ್ಣ ಬಾಟಲಿಯಲ್ಲಿ ಕಪ್ಪು ತಿರುಳನ್ನು ಕೊಳ್ಳೇಗಾಲಕ್ಕೆ ತಂದೆ. ಯಾಕೆ ತಂದೆ ಎಂದರೆ ಹೇಳಲು ಗೊತ್ತಿಲ್ಲ. ದುಃಖವಾದರೆ ಮನೆಗೆ ತೆಗೆದುಕೊಂಡು ಹೋಗುವುದು ಚಿಕ್ಕಂದಿನಿಂದ ಅಭ್ಯಾಸ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದು, ಒಂದು ತೊಟ್ಟನ್ನು ಬಿಳಿ ರೇಷ್ಮೆ ಎಳೆಗೆ ತಾಗಿಸಿ, ಉಜ್ಜಿ, ನೀರಲ್ಲಿ ಅದ್ದಿ ನೋಡಿದರು. ಬಣ್ಣ ಹೋಗಲಿಲ್ಲ. ಅವರ ಮುಖ ಅರಳಿತು. ಅವರ ಅಪ್ಪ ಕರಿ ಅಂಚಿನ ನೂಲಿಗೆ ಅಳಲೆಕಾಯಿ ಕಷಾಯವನ್ನೂ ಬೆಲ್ಲದ ನೀರಲ್ಲಿ ನೆನೆಹಾಕಿದ ಹಳೇ ಕಬ್ಬಿಣವನ್ನೂ ಕೂಡಿಸಿ ಬಣ್ಣ ಕಟ್ಟುತ್ತಿದ್ದರಂತೆ. ಹಿತ್ತಿಲಲ್ಲಿದ್ದ ಆ ಮಡಕೆಯ ವಾಸನೆ ಇವರಿಗೆ ಇನ್ನೂ ಮೂಗಿನಲ್ಲಿತ್ತು.

“ಇದು ಕೆಟ್ಟಿಲ್ಲ ಕಣವ್ವ,” ಎಂದರು. “ಒಗರು ಕಬ್ಬಿಣವ ಕಂಡ್ರೆ ಇಂಗೇ ಕಪ್ಪಾಗೋದು. ಒಗರಿಲ್ಲದ ಕಾಯಾಗಿದ್ರೆ ಈ ಬಣ್ಣನೇ ಬತ್ತಿರ್ನಿಲ್ಲ.”

ನನಗೂ ಅದು ಪುಸ್ತಕದಲ್ಲಿ ಗೊತ್ತಿದ್ದದ್ದೇ. ಆದರೆ ಕಪ್ಪಾದದ್ದೇ ಕಾಯಿಯ ಒಳ್ಳೆಯತನಕ್ಕೆ ಸಾಕ್ಷಿ ಎಂದು ನಾನು ಹಾಗೆ ತಿರುಗಿಸಿ ನೋಡಿರಲಿಲ್ಲ. ಅಪ್ಪ ಆ ಕಪ್ಪು ಎಳೆಯನ್ನು ಹರಿದು ನನ್ನ ಕೈಗೆ ಕಟ್ಟಿ ಮತ್ತೆ ಲಾಳಿ ಎಳೆದರು. ಅವರೀಗ ಇಲ್ಲ. ಆ ಮಗ್ಗದ ಸದ್ದು ಕೇಳದೆ ಬಹಳ ದಿನವಾಯಿತು.

ವ್ಯಾಪಾರಿಯ ಪುಡಿ ಬಂತು, ಪ್ರಯೋಗಾಲಯದ ಉತ್ತರವೂ ಬಂತು. ತಿನ್ನಲು ಅಡ್ಡಿಯಿಲ್ಲ ಎಂದಿತ್ತು. ಒಂದು ಪಾತ್ರೆಯಷ್ಟು ತಿರುಳಿಗೆ ನೀರು ಬೆರೆಸಿ ಉಪ್ಪು ತಗ್ಗಿಸಿ, ಪುಡಿ ಹಾಕಿ ನೋಡಿದೆವು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಪ್ಪು ತಳಕ್ಕಿಳಿಯಿತು, ಮೇಲೆ ಎಳೆ ಹಳದಿ ತಿಳಿ ನಿಂತಿತು. ಸಕ್ಕರೆ ಹಾಕಿದೆವು. ನೋಡಲು ಚೆಂದ, ಕುಡಿಯಲೂ ಸಲೀಸು. ಅಧ್ಯಕ್ಷೆ ಉಸ್ಸಪ್ಪ ಎಂದಳು.

ಕುಡಿದ ಮೇಲೆ ಕೈ ತಾನಾಗಿ ನೀರಿನ ಚೊಂಬಿಗೆ ಹೋಯಿತು. ನೆಲ್ಲಿಕಾಯಿ ತಿಂದ ಮೇಲೆ ನೀರು ಕುಡಿಯುವುದು ಯಾರೂ ಹೇಳಿಕೊಟ್ಟು ಬರುವ ಅಭ್ಯಾಸವಲ್ಲ. ಶಾಲೆಯ ದಿನಗಳಲ್ಲಿ ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ಕಚ್ಚಿ ಮುಖ ಹಿಂಡಿಕೊಂಡು, ನಲ್ಲಿಗೆ ಬಾಯಿಟ್ಟು ‘ಸಿಹಿ ನೀರು, ಸಿಹಿ ನೀರು’ ಎಂದು ಕುಣಿದವರೇ ನಾವೆಲ್ಲ. ಅವತ್ತು ನೀರು ಕುಡಿದೆ. ಬರೀ ನೀರು. ಇನ್ನೊಮ್ಮೆ ಕುಡಿದೆ. ಬರೀ ನೀರೇ. ಅಧ್ಯಕ್ಷೆಗೂ ಚೊಂಬು ಕೊಟ್ಟೆ. ಅವಳೂ ಕುಡಿದು ನನ್ನ ಮುಖ ನೋಡಿದಳು.

ತಳದಲ್ಲಿ ಕೂತ ಕಪ್ಪು ಗಸಿಯನ್ನು ಚರಂಡಿಗೆ ಸುರಿಯಬೇಕಿತ್ತು. ನೆಲ್ಲಿ ಅಂತ ಏನಿತ್ತೋ ಅದರ ಬಹುಪಾಲು ಆ ಗಸಿಯಲ್ಲಿತ್ತು. ಮೇಲಿದ್ದದ್ದು ಸಕ್ಕರೆ ನೀರು. ಅದರ ಮೇಲೆ ಸಕ್ಕರೆ ಕಾಯಿಲೆ ವಾಸಿ ಎಂಬ ಚೀಟಿ ಅಂಟಿಸುವುದನ್ನು ನೆನೆದು ನನಗೆ ಹೇಸಿಗೆಯಾಯಿತು. ಪುಡಿ ಬೇಡ ಎಂದೆ.

ಸಂಘದ ಸಭೆ ಸೇರಿತು. ಜಗಳವೇ ಆಯಿತು. ಬಣ್ಣ ನೋಡಿ ಕೊಳ್ಳುವವರಿಗೆ ಬಣ್ಣ ಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂದವರಿದ್ದರು. ಅವರ ಮಾತನ್ನು ನಾನು ತಪ್ಪು ಎನ್ನಲಾರೆ. ಯುಗಾದಿ ಹತ್ತಿರ ಬರುತ್ತಿತ್ತು. ಪುಡಿ ಬೇಡ, ಸರಿ, ಈ ಮಸಿಯನ್ನು ಏನು ಮಾಡುತ್ತೀರಿ ಹೇಳಿ ಎಂದರು. ಅದಕ್ಕೆ ನನ್ನಲ್ಲಿದ್ದ ಉತ್ತರ ಒಂದೇ: ನೆಲ್ಲಿಚಟ್ಟು. ಉಪ್ಪು ಹಾಕಿ ಅರೆದ ನೆಲ್ಲಿಯನ್ನು ಬಿಲ್ಲೆ ತಟ್ಟಿ ಬಿಸಿಲಲ್ಲಿ ಒಣಗಿಸಿದರೆ ಆಗುವ ಚಟ್ಟು ಎಲ್ಲರ ಅಜ್ಜಿಯರ ಜಾಡಿಯಲ್ಲೂ ಇದ್ದದ್ದೇ. ಅದು ಕಪ್ಪಗೇ ಇರುತ್ತದೆ. ಕಪ್ಪಗಿಲ್ಲದಿದ್ದರೆ ಅನುಮಾನ ಪಡುತ್ತಾರೆ. ಉಪ್ಪಂತೂ ಆಗಲೇ ಬಿದ್ದಿತ್ತು. ಉಪ್ಪು ಬೇಡವೆನ್ನುವವರಿಗೆ ಒಂದು ಪಾಲು ತಿರುಳನ್ನು ಹಿಂಡಿ, ಉಪ್ಪು ತಗ್ಗಿಸಿ, ಹೊನ್ನೂರಿನ ಆಲೆಮನೆ ಬೆಲ್ಲ ಹಾಕಿ ಬೇರೆ ಬಿಲ್ಲೆ ಮಾಡೋಣ ಎಂದೆ.

ಎಲ್ಲರೂ ಅಧ್ಯಕ್ಷೆಯ ಕಡೆ ನೋಡಿದರು. ಅವಳ ತವರು ಗಡಿಯ ಕಡೆ, ಮನೆಮಾತು ತಮಿಳು. ಹಿರಿಯರ ಮಾತೂ ನೆಲ್ಲಿಕಾಯಿಯೂ ಮೊದಲು ಒಗರು, ಆಮೇಲೆ ಸಿಹಿ ಎಂದು ಅವಳವ್ವ ಹೇಳುತ್ತಿದ್ದಳಂತೆ.

“ನೀರ್ ಕುಡ್ದಾಗ ಸಿಹಿ ಬರ್ನಿಲ್ಲ ಕಣ್ರವ್ವ,” ಎಂದಳು ಅವಳು. “ಅದ ನೆಲ್ಲಿ ಅಂತ ಮಾರಕ್ಕೆ ನನ್ ಕೈಲಾಗಕ್ಕಿಲ್ಲ. ಕೀ ಓದ್ರೆ ಓಗ್ಲಿ.”

ಅಲ್ಲಿಗೆ ತೀರ್ಮಾನವಾಯಿತು. ಆದರೆ ಅಷ್ಟೂ ತಿರುಳಿನ ನೀರಿನಂಶ ಇಳಿಸಿ ಹದಕ್ಕೆ ತರಬೇಕಾದರೆ ಒಲೆಯ ಮುಂದೆ ಕೂರುವವರು ಬೇಕು. ಒಲೆಯ ಜಾಗ ಖಾಲಿ ಇತ್ತು. ಆ ಖಾಲಿ ಜಾಗ ಎಲ್ಲರಿಗೂ ಕಾಣುತ್ತಿತ್ತು.

ಪೋಡಿಗೆ ನಾನೇ ಹೋದೆ. ದೊಡ್ಡವ್ವ ಜಗುಲಿಯಲ್ಲಿ ಕೂತು ಪೊರಕೆ ಕಡ್ಡಿ ಜೋಡಿಸುತ್ತಿದ್ದಳು. ಕೂರು ಎನ್ನಲಿಲ್ಲ. ಕೂತೆ.

“ನನ್ನ ಕೈಗುಣ ಸರಿಯಿಲ್ಲ ಅಂದ್ರಲ್ಲ. ನಾನ್ಯಾಕ್ ಬರ್ಲಿ?”

ಕೈಗುಣ ಸರಿಯಿಲ್ಲದಿದ್ದರೆ ಇಷ್ಟು ಚೆಂದದ ಕಪ್ಪು ಬರುತ್ತಿತ್ತೇ ಎಂದು ಕೈಗೆ ಕಟ್ಟಿದ್ದ ಎಳೆ ತೋರಿಸಿದೆ. ಅಪ್ಪ ಹೇಳಿದ್ದನ್ನೂ ಹೇಳಿದೆ. ಅವಳು ಎಳೆಯನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ನಗು ಬಂದದ್ದು ಕಾಣಬಾರದೆಂದು ಎಲೆಯಡಿಕೆ ಉಗಿಯಲು ಎದ್ದು ಹೋದಳು. ವಾಪಸು ಬಂದು, ಕಬ್ಬಿಣ ಇಲ್ಲದೆ ತಾನು ಅಷ್ಟು ತುಂಬಿದ ಮನೆಯೊಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಳು. ಡ್ರಮ್ಮಿನೊಳಗೆ ಬೇಡ ದೊಡ್ಡವ್ವ, ಬಾಗಿಲಿಗೆ ಕಟ್ಟೋಣ ಎಂದೆ.

“ಬಾಗ್ಲಾದ್ರೂ ಆಯ್ತದೆ. ಗಾಳಿ ಬರೋದು ಬಾಗ್ಲಿಂದ್ಲೇ ತಾನೆ.”

ಮಾರನೆಯ ದಿನ ನೇಗಿಲ ಕುಳದ ಆ ತುಂಡನ್ನು ತಾನೇ ಬಾಗಿಲ ಚೌಕಟ್ಟಿಗೆ, ಕೈಗೆ ಎಟುಕುವ ಎತ್ತರದಲ್ಲಿ, ದಾರದಿಂದ ಕಟ್ಟಿದಳು. ಒಳಗೆ ಬರುವ ಪ್ರತಿಯೊಬ್ಬರೂ ಅದನ್ನು ಮುಟ್ಟಿ ಬರಬೇಕು, ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮೊದಲನೆಯದು ಅವಳ ಕಾನೂನು, ಎರಡನೆಯದು ನನ್ನದು. ಕಿಟಕಿಯಲ್ಲಿದ್ದ ಟೋಪಿ ಮತ್ತೆ ಸೆರಗಿನ ಮೇಲೆ ಏರಿತು.

ಆ ದಿನಗಳಷ್ಟು ಖುಷಿಯಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ. ಸಣ್ಣ ಉರಿಯಲ್ಲಿ ತಿರುಳು ಗಟ್ಟಿಯಾಗುವವರೆಗೆ ಮರದ ಹುಟ್ಟಿನಲ್ಲಿ ತಿರುವುವುದು. ಶುಂಠಿ, ಜೀರಿಗೆ ಅರೆದು ಸೇರಿಸುವುದು. ಬಿದಿರಿನ ತಟ್ಟೆಯ ಮೇಲೆ ಬಿಲ್ಲೆ ತಟ್ಟಿ, ತೆಳು ಬಟ್ಟೆ ಹೊದಿಸಿ ಬಿಸಿಲಿಗೆ ಇಡುವುದು. ಬಿಸಿಲು ಜೋರಾದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬೂಸಲು ಬರುತ್ತದೆ. ಹಾಗಾಗಿ ಮಧ್ಯಾಹ್ನಕ್ಕೆ ನೆರಳಿಗೆ ಎಳೆದು, ಇಳಿಹೊತ್ತಿಗೆ ಮತ್ತೆ ಹರಡುತ್ತಿದ್ದೆವು. ಮಂಗಗಳನ್ನು ಓಡಿಸುವುದು ಬೇರೆಯೇ ಕೆಲಸ. ಮಂಗವೊಂದು ಬಿಲ್ಲೆ ಕದ್ದು ಕಚ್ಚಿ, ಮುಖ ಹಿಂಡಿ, ಎಸೆದು, ತೊಟ್ಟಿಗೆ ಹೋಗಿ ನೀರು ಕುಡಿದು, ವಾಪಸು ಬಂದು ಎಸೆದದ್ದನ್ನೇ ಹುಡುಕಿತು. ಮೊದಲ ಗಿರಾಕಿ ಅದೇ ಎಂದು ಅಧ್ಯಕ್ಷೆ ಹೇಳಿದ್ದಕ್ಕೆ ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರಲು ಯಳಂದೂರಿನ ಸಂತೆಗೆ ಹೋದೆವು. ಒಂದು ಬುಟ್ಟಿ ಬಿಲ್ಲೆ, ಪಕ್ಕದಲ್ಲಿ ಒಂದು ಕೊಡ ನೀರು. ರುಚಿಗೆ ಒಂದು ಚೂರು ಕೊಡುವುದು, ಮುಖ ಹಿಂಡಿದ ಕೂಡಲೇ ಲೋಟ ಮುಂದೆ ಹಿಡಿಯುವುದು. ಇಷ್ಟೇ ನಮ್ಮ ಜಾಹೀರಾತು. ನೀರು ಗಂಟಲಿಗಿಳಿದ ಮೇಲೆ ಜನರ ಮುಖ ಬದಲಾಗುವುದನ್ನು ನೋಡಬೇಕಿತ್ತು. ನಡುವಯಸ್ಸಿನವರೆಲ್ಲ ಒಂದು ಕ್ಷಣ ಶಾಲೆಯ ಹುಡುಗರಾಗುತ್ತಿದ್ದರು. ಒಬ್ಬರು ಇದನ್ನು ತಿಂದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ ಎಂದು ಕೇಳಿದರು. ಬಿಡಬೇಡಿ, ಇದು ಔಷಧಿಯಲ್ಲ, ಊಟ, ಮಜ್ಜಿಗೆಗೆ ಕಿವುಚಿ ಕುಡಿಯಿರಿ, ಉಪ್ಪು ಜೋಪಾನ, ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ ಎಂದೆ. ಅಷ್ಟು ಹೇಳಿದ್ದಕ್ಕೇ ಅವರು ನಂಬಿ ಎರಡು ಪೊಟ್ಟಣ ಕೊಂಡರು. ಆಮೇಲೆ ಕೊಳ್ಳೇಗಾಲದ ಮೆಸ್ಸುಗಳವರು ತಂಬುಳಿಗೆ, ಗೊಜ್ಜಿಗೆ ಎಂದು ತಾವಾಗಿಯೇ ಕೇಳಿಕೊಂಡು ಬಂದರು. ಯುಗಾದಿಯ ಹಿಂದಿನ ವಾರ ಪಂಚಾಯಿತಿಯವರು ಶೆಡ್ಡು ನೋಡಲು ಬಂದಾಗ ಒಳಗೆ ತೊಳೆದು ಬೋರಲು ಹಾಕಿದ ಡ್ರಮ್ಮುಗಳು ಬಿಟ್ಟರೆ ಏನೂ ಇರಲಿಲ್ಲ. ಕೀ ನಮ್ಮ ಬಳಿಯೇ ಉಳಿಯಿತು.

ನಾನು ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ದೊಡ್ಡವ್ವನೂ ಹೋದಳು. ಅವಳ ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಆ ಸಂಕಟ ಇನ್ನೂ ಇದೆ. ಈ ಸಲ ನೆಲ್ಲಿ ಹಂಗಾಮಿನಲ್ಲಿ ಮನಸ್ಸು ತಡೆಯದೆ ಲೊಕ್ಕನಹಳ್ಳಿಯ ಬಸ್ಸು ಹತ್ತಿದೆ. ಶೆಡ್ಡಿಗೆ ಹೊಸ ಸುಣ್ಣ, ಒಳಗೆ ಹೊಸ ಯಂತ್ರ, ನನಗೆ ಗೊತ್ತಿಲ್ಲದ ಹೊಸ ಮುಖಗಳು. ಗೋಡೆಯ ಮೇಲೆ ಕಬ್ಬಿಣದ ಸಾಮಾನು ಒಳಗೆ ತರಬಾರದು ಎಂಬ ಬೋರ್ಡು. ಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ತಡೆದು, ಮೊದಲು ಇದನ್ನು ಮುಟ್ಟಬೇಕು, ಆಮೇಲೆ ಕೈ ತೊಳೀಬೇಕು ಎಂದಳು. ಯಾಕೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಮೊದಲಿಂದ ಹಾಗೇ ಬಂದಿದೆ ಎಂದಳು.

ದಾರ ಹೋಗಿ ತಂತಿ ಬಂದಿತ್ತು, ತುಂಡು ಅದೇ. ಮಳೆ ಬಿಸಿಲಿಗೆ ಇಷ್ಟು ವರ್ಷ ಬಾಗಿಲಲ್ಲಿ ತೂಗಿದ ಕಬ್ಬಿಣ ಮುಟ್ಟಿದರೆ ಪುಡಿಯಾಗಿ ಉದುರಬೇಕಿತ್ತು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಹಂಗಾಮು ಹಂಗಾಮಿಗೂ ಕಾಯಿ ಬಿಡಿಸಿ ಒಗರು ಮೆತ್ತಿದ ಕೈಗಳು ಹೋಗುತ್ತ ಬರುತ್ತ ಸವರಿ ಸವರಿ ಅದು ಅಪ್ಪನ ಎಳೆಯ ಹಾಗೆ ಕಪ್ಪಗೆ, ನುಣ್ಣಗೆ ಮಿನುಗುತ್ತಿತ್ತು. ಎಲ್ಲೂ ಒಂದು ಚೂರು ತುಕ್ಕಿರಲಿಲ್ಲ.